ಅಕ್ಕಿ ಡಬ್ಬಿ

ಕಾಳಿಯ ಅಳಿವೆಯಲ್ಲಿ ಮೊಣಕಾಲು ನೀರು.
ಗುಲಾಬಿ ಹರಿಕಂತ್ರ ಬಗ್ಗಿ ಬಳಚು ಹೆಕ್ಕುತ್ತಿದ್ದಳು,
ನಾನು ಬಗ್ಗಿ ಅವಳ ಬೆರಳಿನ ಫೋಟೋ ತೆಗೆಯುತ್ತಿದ್ದೆ.
ಜಾರಿತು.
ಪುಳಕ್ ಎಂದೂ ಅನ್ನಲಿಲ್ಲ,
ಕೆಸರು ಅದನ್ನು ಬಾಯೊಳಗೆ ಇಟ್ಟುಕೊಂಡಿತು.

ಹುಡುಕಿ ಕೊಟ್ಟವಳು ಅವಳೇ, ಕಾಲ ಹೆಬ್ಬೆರಳಲ್ಲಿ ತಡವಿ.
‘ಅಕ್ಕಿಯೊಳಗೆ ಹುಗಿದಿಡು ತಂಗೀ,
ಮೂರು ದಿನ ಮುಟ್ಬೇಡ. ನನ್ನ ಮಗಂದೂ ಹಂಗೇ ಬದುಕಿತ್ತು.’
ಬಾಣಂತಿಗೆ ಪಥ್ಯ ಹೇಳುವ ದನಿ.

ಕೋಡಿಬಾಗದ ಬಾಡಿಗೆ ಮನೆ. ಐದು ಕಿಲೋ ಹಿಡಿಸುವ ಡಬ್ಬಿ.
ಕುಚ್ಚಲಕ್ಕಿಯ ಅಡಿಗೆ
ನನ್ನ ಹೊಟ್ಟೆಪಾಡು ಮಲಗಿತು.

ಹೇಳಿಬಿಡುತ್ತೇನೆ: ಎಂಟು ವರ್ಷ ನಾನು ಬರೆದದ್ದು ಕರೆಗಂಟೆಗಳನ್ನು.
ಚಪ್ಪಲಿ ಮಾರುವ ಆ್ಯಪಿಗೆ, ಸಾಲ ಕೊಡುವ ಆ್ಯಪಿಗೆ,
ನಿದ್ದೆ ಬರಿಸುತ್ತೇನೆಂದು ರಾತ್ರಿ ಎರಡಕ್ಕೆ ಎಬ್ಬಿಸುವ ಆ್ಯಪಿಗೆ.
‘ನೀವಿಲ್ಲದೆ ಬೇಜಾರು’, ಆ ಸಾಲು ನನ್ನದು.
ಹದಿನಾರು ಲಕ್ಷ ಜನರಿಗೆ ಒಂದೇ ಸಂಜೆ ಕಳಿಸಿದ್ದೆ,
ಒಬ್ಬರ ಮುಖವೂ ಗೊತ್ತಿರಲಿಲ್ಲ.
ಚುಕ್ಕೆ ನೀಲಿಯಿರಲೋ ಕೆಂಪಿರಲೋ ಎಂದು ಎರಡು ವಾರ ತೂಗಿ
ಕೆಂಪು ಗೆದ್ದಾಗ ಕೇಕು ಕತ್ತರಿಸಿದ್ದೆವು.

ಮೊದಲ ದಿನ ತೊಡೆ ನಡುಗಿತು,
ಜೇಬಿಲ್ಲದ ನೈಟಿಯೊಳಗೂ.
ಹಾಲು ಉಕ್ಕುವಾಗ, ಬಾಗಿಲು ಹಾಕುವಾಗ
ಹೆಬ್ಬೆರಳು ಗಾಳಿಯನ್ನೇ ಮೇಲಕ್ಕೆ ಸರಿಸಿತು.
ಲ್ಯಾಪ್‌ಟಾಪು ಇತ್ತು, ಕೆಲಸ ನಡೆಯಿತು, ಆಕಾಶ ಕಳಚಿ ಬೀಳಲಿಲ್ಲ.
ಅದೇ ಸ್ವಲ್ಪ ಅವಮಾನ.

ಎರಡನೆಯ ದಿನ ಅನ್ನಕ್ಕೆಂದು ಪಾವು ಇಳಿಸಿದೆ,
ಠಕ್ ಎಂದಿತು ಗಾಜು.
ಮಲಗಿದವರನ್ನು ಎಡವಿದಂತೆ ಕೈ ಹಿಂದೆಗೆದೆ,
ಇನ್ನೊಂದು ಬದಿಯಿಂದ ತೋಡಿದೆ.

ಆ ಸಂಜೆ ಗುಲಾಬಿ ಬಂಗಡೆ ತಂದಳು.
ಕಿವಿರು ಎತ್ತಿ ತೋರಿಸಿದಳು: ‘ಕೆಂಪಿದ್ರೆ ತಾಜಾ.
ಕೆಂಪು ಸುಳ್ಳು ಹೇಳೂದಿಲ್ಲ.’
ನಾನು ಮಾತಾಡಲಿಲ್ಲ. ಈಳಿಗೆ ಮಣೆ ತಂದಿಟ್ಟೆ.

ಇವಳೇನು ಋಷಿಯಲ್ಲ.
ಇವಳ ಸೊಂಟದಲ್ಲೂ ಒಂದು ಫೋನು, ಗಾಜು ಒಡೆದದ್ದು;
ಗೋವೆಯ ನಾಟಕದ ತುಣುಕು ನೋಡಿ ಒಬ್ಬಳೇ ನಗುತ್ತಾಳೆ,
ಬಂದರಿನ ದರ ಕೇಳುತ್ತಾಳೆ, ಬೈಯುತ್ತಾಳೆ, ಕಟ್ ಮಾಡುತ್ತಾಳೆ,
ನೀರು ಇಳಿಯಿತೆಂದರೆ ಅದನ್ನು ಗಾದಿಯಡಿ ತಳ್ಳಿ ಹೊರಡುತ್ತಾಳೆ.
‘ಸುಕ್ತಿ ಯಾರಿಗೆ ಕಾಯ್ತದೆ?’

ಮೂರನೆಯ ರಾತ್ರಿ ದಂಡೆಯಲ್ಲಿ ಕೂತೆ.
ದೂರ ದ್ವೀಪದ ದೀಪಸ್ತಂಭ ಮಿನುಗಿತು, ನಿಂತಿತು, ಮಿನುಗಿತು.
ಕಸುಬಿನ ಚಾಳಿ, ಸೆಕೆಂಡು ಎಣಿಸಿದೆ.
ಅದೂ ಸೂಚನೆಯೇ ತಾನೇ.
ಆದರೆ ನೋಡಿದವರೆಷ್ಟು, ತಿರುಗಿ ಬಂದವರೆಷ್ಟು,
ಎಲ್ಲೂ ಲೆಕ್ಕ ಬರೆಯುತ್ತಿಲ್ಲ ಅದು.
ದೋಣಿ ದೂರ ಸರಿದರೆ ಅದರ ಕೆಲಸ ಆಯಿತು.
ಹೀಗೊಂದನ್ನು ನಾನು ಬರೆದಿದ್ದರೆ
ತ್ರೈಮಾಸಿಕ ಸಭೆಯಲ್ಲಿ ಯಾವ ಗೆರೆ ತೋರಿಸುತ್ತಿದ್ದೆ?

ಫೋನು ಬದುಕಿತು.
ನಾಲ್ಕನೆಯ ಬೆಳಿಗ್ಗೆ ಮುನ್ನೂರ ಹನ್ನೆರಡು ಒಟ್ಟಿಗೆ.
ಅಮ್ಮನದು ಒಂದು, ಗ್ಯಾಸಿನವನದು ಒಂದು,
ಉಳಿದವೆಲ್ಲ ನನ್ನಂಥವರು ಬರೆದದ್ದು.
ಒಂದಂತೂ ನನ್ನದೇ:
ನೀವಿಲ್ಲದೆ ಬೇಜಾರು.

ಕೆಲಸ ಬಿಟ್ಟೆನೆಂದು ಬರೆದರೆ ಪದ್ಯ ಚೆನ್ನಾಗಿ ಮುಗಿಯುತ್ತಿತ್ತು.
ಬಿಟ್ಟಿಲ್ಲ. ಬಾಡಿಗೆ ಇದೆ.
ರಾತ್ರಿ ಒಂಬತ್ತರಿಂದ ಬೆಳಗಿನ ಏಳರ ತನಕ ಯಾರನ್ನೂ ಕರೆಯದಂತೆ
ನಾಲ್ಕು ಸಾಲು ಸೇರಿಸಿ ಕಳಿಸಿದ್ದೇನೆ. ಮೇಲಿನವರ ಮುಂದೆ ಬಿದ್ದಿದೆ,
ಆರು ವಾರವಾಯಿತು.
ನನ್ನದನ್ನು ಈಗ ರಾತ್ರಿ ಅಕ್ಕಿಯೊಳಗೇ ಮಲಗಿಸುತ್ತೇನೆ.
ಮೊನ್ನೆ ಎರಡು ಗಂಟೆಗೆ ಎದ್ದು ತೋಡಿದ್ದೂ ಹೌದು,
ಅಡುಗೆಮನೆಯ ಕತ್ತಲಲ್ಲಿ, ಕಳ್ಳಬೆಕ್ಕಿನ ಹಾಗೆ, ಮೊಣಕೈ ತನಕ.

ಇವತ್ತು ಚಾರ್ಜು ಏರುತ್ತಿಲ್ಲ.
ಕಿಂಡಿಯಲ್ಲೊಂದು ನುಚ್ಚು ಸಿಕ್ಕಿಕೊಂಡಿದೆ, ಕೆಂಪು ಗೆರೆಯದು.
ಪಿನ್ನು ಹುಡುಕಬೇಕು.
ಹೊರಗೆ ಗುಲಾಬಿಯ ಬುಟ್ಟಿ ಗೋಡೆಗೆ ತಾಗಿದ ಸದ್ದು.
ನೀರು ಇಳಿದಿದೆ. ಹೋಗಿ ಬಂದು
ಹುಡುಕುತ್ತೇನೆ.